ಗರ್ಭನೀರು ಅಳೆಯುವ ತರಬೇತಿ ಮುಗಿಯಿತು, ನೆರವಾದವರಿಗೆ ನಮಸ್ಕಾರ

ಹೊಟ್ಟೆಯೊಳಗೆ ಕೂಸನ್ನು ಸುತ್ತುವರಿದ ಗರ್ಭನೀರನ್ನು ಅಳೆಯಲು ಗದಗ ಜಿಲ್ಲೆಯ ತಾಲೂಕು ವೈದ್ಯರಿಗಾಗಿ ನಡೆದ ಸ್ಕ್ಯಾನಿಂಗ್ ತರಬೇತಿಯ ಕೊನೆಯ ತಂಡವೂ ಮುಗಿಯಿತು. ಮೊದಲ ನಮಸ್ಕಾರ ಇಬ್ಬಿಬ್ಬರು ವೈದ್ಯರಿಂದ ಬೇರೆ ಬೇರೆಯಾಗಿ ಅಳೆಸಿಕೊಳ್ಳಲು ಒಪ್ಪಿದ ಬಸುರಿ ಅಕ್ಕತಂಗಿಯರಿಗೆ. ಅಂಗಾತ ಬಹಳ ಹೊತ್ತು ಮಲಗಿದರೆ ತಲೆ ಸುತ್ತುತ್ತದೆಂದು ನಡುನಡುವೆ ಎಡಮಗ್ಗುಲಿಗೆ ಹೊರಳಿಸುತ್ತಿದ್ದ ನರ್ಸ್‌ಗಳಿಗೂ.

ಒಂದೇ ಹೊಟ್ಟೆಗೆ ಎರಡು ಅಂಕಿ ಏಕೆ ಬರುತ್ತವೆ ಎಂಬುದು ಕಂಡದ್ದು ಇವರಿಂದಲೇ. ಪ್ರೋಬ್ (ಹೊಟ್ಟೆಯ ಮೇಲಿಟ್ಟು ನೋಡುವ ಸ್ಕ್ಯಾನಿಂಗ್ ಹಿಡಿಕೆ) ನೆಲಕ್ಕೆ ನೇರವಾಗಿ ನಿಲ್ಲಬೇಕು, ಹೊಟ್ಟೆಯ ಉಬ್ಬಿಗೆ ತಕ್ಕಂತೆ ವಾಲಬಾರದು. ಕೈ ಒತ್ತಿದರೆ ನೀರು ಪಕ್ಕಕ್ಕೆ ಸರಿದು ಕಡಿಮೆ ತೋರುತ್ತದೆ. ಅಳೆಯುವ ನೀರಿನ ಜಾಗ ಕನಿಷ್ಠ 1 ಸೆಂ.ಮೀ. ಅಗಲವಿದ್ದು, ಅದರಲ್ಲಿ ಕೂಸಿನ ಕೈಕಾಲಾಗಲಿ ಹೊಕ್ಕುಳ ಬಳ್ಳಿಯಾಗಲಿ ಇರಕೂಡದು. ಬಳ್ಳಿ ಗುರುತಿಸದೆ ಅಳೆದರೆ ನೀರು ಹೆಚ್ಚೆನಿಸುತ್ತದೆ; ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಬಗೆ) ಹಾಕಿಕೊಂಡೇ ಅಳೆದರೆ ಸರಿಯಿದ್ದವರಿಗೂ ‘ನೀರು ಕಡಿಮೆ’ ಎಂಬ ಹಣೆಪಟ್ಟಿ ಬೀಳುತ್ತದೆ.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ನೀರಿನ ಆಳ ಅಳೆದು ಕೂಡಿಸಿದ ಅಂಕಿ, ಅಂದರೆ ಎಎಫ್‌ಐ, 5 ಸೆಂ.ಮೀ.ಗಿಂತ ಕೆಳಗಿದ್ದರೆ ಗಾಬರಿಯಾಗುವುದು ರೂಢಿ. ನಮ್ಮ ಒಲವು ಎಲ್ಲಕ್ಕಿಂತ ಆಳದ ಒಂದೇ ಜಾಗದ ಅಳತೆಯತ್ತ: 2 ಸೆಂ.ಮೀ.ಗಿಂತ ಕಡಿಮೆಯಾದರೆ ಕೊರತೆ, 8 ಅಥವಾ ಅದಕ್ಕೂ ಮೇಲಾದರೆ ಹೆಚ್ಚಳ. ಎಎಫ್‌ಐ ಒಂದನ್ನೇ ನಂಬಿದರೆ ಹೆರಿಗೆ ನೋವು ಬರಿಸುವುದು ಹೆಚ್ಚುತ್ತದೆ, ಕೂಸಿಗೆ ಲಾಭ ಕಾಣುವುದಿಲ್ಲ. ಅವಳಿಗಳಲ್ಲಂತೂ ಎರಡೂ ಚೀಲಗಳನ್ನು ಬೇರೆ ಬೇರೆ ಅಳೆಯಲೇಬೇಕು.

ಆಶಾ ಅಕ್ಕಂದಿರ ಋಣ ದೊಡ್ಡದು. ಬಟ್ಟೆ ಒದ್ದೆಯಾಗುತ್ತಿತ್ತೇ, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದ್ದಳೇ ಎಂದು ಅವರು ಕೇಳಿ ತಂದ ಮಾತು ಪರದೆಯ ಮೇಲೆ ಕಾಣುವಂಥದ್ದಲ್ಲ. 20 ವಾರದ ನಂತರ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಕೂಸಿನ ಮೂತ್ರವನ್ನೇ ಕುಗ್ಗಿಸುತ್ತವೆ, ಆ ಹಂತದಲ್ಲಿ ಗರ್ಭನೀರಿನ ಬಹುಪಾಲು ಅದೇ. ಎರಡೂ ಮೂತ್ರಪಿಂಡ ಇಲ್ಲದ ಕೂಸಿಗೂ ಸುಮಾರು 16 ವಾರದವರೆಗೆ ನೀರು ಸರಿಯಾಗಿಯೇ ಕಾಣಬಹುದು. ಹಾಗಾಗಿ ಮೊದಲ ಸ್ಕ್ಯಾನ್ ಚೆನ್ನಾಗಿತ್ತೆಂದು ಮುಂದಿನದನ್ನು ಬಿಡುವಂತಿಲ್ಲ.

ಲ್ಯಾಬಿನವರಿಗೂ ವಂದನೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೂ ಗರ್ಭನೀರು ಹೆಚ್ಚುವುದುಂಟು; ಅದಕ್ಕೇ ನೀರು ಹೆಚ್ಚಿದ್ದವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸಿನ ನಂತರದ ರಕ್ತದ ಸಕ್ಕರೆ 140 ಮಿ.ಗ್ರಾಂ./ಡೆ.ಲೀ. ಮುಟ್ಟಿತೇ ಎಂದು ಹೊತ್ತಿಗೆ ಸರಿಯಾಗಿ ತಿಳಿಸಿದರು. ಕೂಸು ನುಂಗಿದ ನೀರು ಮುಂದೆ ಸಾಗದಿದ್ದರೂ ಗರ್ಭನೀರು ಹೆಚ್ಚುತ್ತದೆ, ಹಾಗಾಗಿ ಅತ್ತ ಪರದೆಯಲ್ಲಿ ಕೂಸಿನ ಜಠರದಲ್ಲಿ ನೀರು ತುಂಬಿ ಕಾಣುವ ಗುಳ್ಳೆ ಹುಡುಕುವ ಕೆಲಸ: ಮತ್ತೆ ಮತ್ತೆ ನೋಡಿದರೂ ಕಾಣದಿದ್ದರೆ ಅನ್ನನಾಳ ಮುಚ್ಚಿರುವ ಅನುಮಾನ, ಜೋಡಿ ಗುಳ್ಳೆ ಕಂಡರೆ ಸಣ್ಣ ಕರುಳಿನ ಮೊದಲ ಭಾಗ ಮುಚ್ಚಿರುವ ಅನುಮಾನ.

ಪ್ರತಿ ಸ್ಕ್ಯಾನಿಗೂ ಭ್ರೂಣಲಿಂಗ ಪತ್ತೆ ತಡೆಯುವ ಕಾನೂನಿನ ಎಫ್ ಫಾರ್ಮ್ ತುಂಬಿದ ಕಚೇರಿಯವರು (ಅದೆಷ್ಟು ಬೇಸರದ ಕೆಲಸವೆಂದು ಬಲ್ಲೆವು), ಗಂಡೋ ಹೆಣ್ಣೋ ಎಂದು ಕೇಳದ ಮನೆಯವರು, ಇವರಿಗೂ ನಮಸ್ಕಾರ.

‘ನೀರು ಜಾಸ್ತಿ ಕುಡಿದ್ರ ಹೆಚ್ಚಾಗ್ತೈತೇನ್ರಿ?’ ಎಂದು ಕೇಳಿದ ಅತ್ತೆಯಂದಿರಿಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇವೆ. ಎರಡು ಲೀಟರ್ ಕುಡಿದರೆ ಕೆಲವರಲ್ಲಿ ತುಸು ಏರುತ್ತದೆ. ಚೀಲ ಒಡೆದು ಸೋರುತ್ತಿದ್ದರೆ ಅದರಿಂದ ಆಗುವುದೇನಿಲ್ಲ. ಕೂಸಿನ ಹೊರಳಾಟ ಕಡಿಮೆಯಾದರೆ ಎಳನೀರು ಕುಡಿಸಿ ನೋಡೋಣವೆಂದು ಕಾಯದೆ ಅಂದೇ ಕರೆತನ್ನಿ.