ಮಾತ್ರೆ ನುಂಗಿ ಮಲಗಿದ ಮಗಳಿಗೆ

ಪುಟ್ಟಿ,

ಕಬ್ಬಿಣದ ಮಾತ್ರೆ ಎದೆಯಲ್ಲೇ ನಿಂತ ಹಾಗಿದೆ ಅಂದೆಯಲ್ಲ, ಆಗಿನಿಂದ ಮನಸ್ಸು ಅಲ್ಲೇ ಇದೆ. ಒಂದೇ ಗುಟುಕು ನೀರು ಕುಡಿದು ಮಲಗಿಬಿಟ್ಟೆಯಂತೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಎಬ್ಬಿಸಿ ಕೂರಿಸೋಕೆ ನಾನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನುಂಗಿದ್ದು ತಾನಾಗಿ ಹೊಟ್ಟೆಗೆ ಬೀಳುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ನಮ್ಮ ಮಂಡ್ಯದ ಕಡೆ ಮುದ್ದೆಯನ್ನು ಯಾರೂ ಅಗಿಯಲ್ಲ, ಅಲ್ವಾ? ಉಪ್ಸಾರಲ್ಲಿ ಅದ್ದಿ ನುಂಗುತ್ತೇವೆ. ಆ ತುತ್ತಿನ ಹಿಂದೆ ನಾಳ ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ. ಆ ಬಿಗಿತವೇ ಸೆಕೆಂಡಿಗೆ 3–4 ಸೆಂಟಿಮೀಟರ್‌ನಂತೆ ಕೆಳಕ್ಕೆ ಸರಿಯುತ್ತಾ ತುತ್ತನ್ನು ತಳ್ಳಿಕೊಂಡು ಹೋಗುತ್ತದೆ.

ಗಂಟಲ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡು. ಬೆರಳಡಿಯ ಗಟ್ಟಿ ಭಾಗ ಮೇಲೆದ್ದು ಇಳಿಯುತ್ತದೆ. ಆ ಕ್ಷಣ ಉಸಿರು ನಿಂತಿರುತ್ತದೆ. ನುಂಗಲು ಶುರುಮಾಡೋದು ನಿನ್ನಿಷ್ಟ. ಆಮೇಲಿನದು ನಿನ್ನ ಕೈಯಲ್ಲಿಲ್ಲ.

ನನಗೆ ತುಂಬಾ ಅಚ್ಚರಿ ಅನ್ನಿಸೋದು ಇದು: ನಾಳದ ಮೇಲ್ಭಾಗದಲ್ಲಿರೋದು ಕೈಕಾಲಿನಲ್ಲಿರುವಂಥದ್ದೇ ಸ್ನಾಯು. ಆದರೂ ನಮ್ಮ ಮಾತು ಕೇಳಲ್ಲ. ಮೆದುಳಿನ ಬುಡದಿಂದ ಬರುವ ವೇಗಸ್ ನರ ಅದನ್ನು ನೇರವಾಗಿ ಆಡಿಸುತ್ತದೆ. ಕೆಳಭಾಗದಲ್ಲಿ ಕರುಳಿನಂಥ ಸ್ನಾಯು. ಅಲ್ಲಿ ವೇಗಸ್ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಬಿಗಿಸೋದು, ಸಡಿಲಿಸೋದು ನಾಳದ ಗೋಡೆಯೊಳಗೇ ಹರಡಿರುವ ನರಕೋಶಗಳ ಕೆಲಸ. ನಾಳದ ಕೆಳತುದಿ ಬಿಗಿಯಾಗಿ ಮುಚ್ಚಿದ್ದು, ನಾವು ನುಂಗಿದಾಗ ಸಡಿಲವಾಗುತ್ತದೆ. ಸಡಿಲಿಸುವ ನರಕೋಶಗಳು ಹಾಳಾದರೆ ಅದು ಸರಿಯಾಗಿ ತೆರೆಯಲ್ಲ, ಅನ್ನವೂ ನೀರೂ ಮೇಲೇ ನಿಲ್ಲುತ್ತವೆ. ಆ ಕಾಯಿಲೆಗೆ ಅಕಲೇಸಿಯಾ ಅನ್ನುತ್ತಾರೆ. ನಿನಗೆ ಆಗಿರೋದು ಅದಲ್ಲ ಅನ್ಸುತ್ತೆ, ಸುಮ್ನೆ ಹೆದರಬೇಡ.

ತುತ್ತು ಮಧ್ಯದಲ್ಲಿ ಉಳಿದರೆ ನಾಳ ಹಿಗ್ಗುತ್ತದೆ. ಆಗ ನೀನು ನುಂಗದಿದ್ದರೂ ಅಂಥದ್ದೇ ಇನ್ನೊಂದು ಬಿಗಿತದ ಅಲೆ ತಾನಾಗಿ ಎದ್ದು ಅದನ್ನು ತಳ್ಳುತ್ತದೆ. ಸಣ್ಣ ಮಾತ್ರೆ ಅಷ್ಟು ಹಿಗ್ಗಿಸಲ್ಲ. ನೀರು ಸಾಲದಿದ್ದರೆ ಗೋಡೆಗೆ ಅಂಟಿ ಅಲ್ಲೇ ಕರಗುತ್ತದೆ. ಕಬ್ಬಿಣದ ಮಾತ್ರೆ ಹಾಗೆ ಕರಗಿದರೆ ಹುಣ್ಣು ಮಾಡಬಲ್ಲದು. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗೋದೂ ಕಡಿಮೆ.

ಇನ್ನು ಮುಂದೆ ಕೂತುಕೊಂಡು, ಲೋಟ ತುಂಬ ನೀರಿನ ಜೊತೆ ತಗೋ. ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡ. ನಾಳೆಯೂ ಎದೆ ನೋವಿದ್ದರೆ, ಅನ್ನ ನುಂಗುವಾಗಲೂ ಸಿಕ್ಕಿಕೊಂಡಂತಾದರೆ, ತಡಮಾಡದೆ ಡಾಕ್ಟರ್‌ಗೆ ತೋರಿಸು. ಒಬ್ಬಳೇ ಹೋಗೋದು ಬೇಡ ಅನ್ನಿಸಿದರೆ ಫೋನ್ ಮಾಡು, ಬೆಳಗಿನ ರೈಲಿಗೇ ಹೊರಟು ಬರುತ್ತೇನೆ.

ನಿನ್ನ,
ಅಮ್ಮ