ಸ್ಪೀಡ್ ಸ್ವಿಚ್ಚಿಗೆ ಲೂಪ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಇನ್ನೇನು ಭತ್ತದ ಸುಗ್ಗಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳು ಹಗಲು ರಾತ್ರಿ ಓಡುವ ಕಾಲ. ಅದಕ್ಕೆ ಮೊದಲೇ ಈ ಮಾತು ಹೇಳಬೇಕು ಅನ್ನಿಸಿತು.

ಎರಡು ವರ್ಷದ ಹಿಂದೆ ಒಂದು ಗಿರಣಿಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಅಣ್ಣಾ, ರಬ್ಬರ್ ಸುಟ್ಟ ವಾಸನಿ ಬರಾಕತ್ತೈತಿ, ಜಲ್ದಿ ಬರ್ರಿ." ನಾನು ಹೋಗುವಷ್ಟರಲ್ಲಿ ಮೇನ್ ಆಫ್ ಮಾಡಿದ್ದರು. ಬೆಲ್ಟಿಗೆ ಕೂರಿಸಿದ ಬಕೆಟ್‌ಗಳಲ್ಲಿ ಭತ್ತ ಮೇಲೆತ್ತುವ ಬಕೆಟ್ ಎಲಿವೇಟರಿನ ಬೂಟಿನಲ್ಲಿ, ಅಂದರೆ ಬುಡದ ಪೆಟ್ಟಿಗೆಯಲ್ಲಿ, ಭತ್ತ ಕಟ್ಟಿಕೊಂಡು ಬೆಲ್ಟ್ ನಿಂತುಬಿಟ್ಟಿತ್ತು. ಮೇಲಿನ ಪುಲ್ಲಿ ಮಾತ್ರ ನಿಂತ ಬೆಲ್ಟನ್ನೇ ಉಜ್ಜುತ್ತಾ ತಿರುಗಿದೆ. ಸುತ್ತಲೂ ತೌಡಿನ ದೂಳು. ಅದು ಗಾಳಿಯಲ್ಲಿ ಎದ್ದಾಗ ಬೆಂಕಿ ತಗುಲಿದರೆ ಸಿಡಿಯುತ್ತದೆ.

ಇಂಥ ಹೊತ್ತಿನಲ್ಲಿ ಮೋಟಾರು ನಿಲ್ಲಿಸಲಿಕ್ಕೆಂದೇ ಅಲ್ಲಿ ಸ್ಪೀಡ್ ಸ್ವಿಚ್ ಇತ್ತು. ಅದರ ಸೆನ್ಸರ್ ಶಾಫ್ಟ್ ತಿರುಗುವುದನ್ನು ನೋಡುತ್ತಿರುತ್ತದೆ, ವೇಗ ಇಳಿದರೆ ಮೋಟಾರು ಟ್ರಿಪ್ ಆಗಿ ನಿಲ್ಲುತ್ತದೆ. ಪ್ಯಾನಲ್ ತೆಗೆದು ನೋಡಿದರೆ ಆ ಸ್ವಿಚ್ಚಿನ ಎರಡು ಟರ್ಮಿನಲ್‌ಗೆ ಅಡ್ಡಲಾಗಿ ಒಂದು ಗೇಣು ಹಸಿರು ವೈರ್. ಲೂಪ್! ಅದಿದ್ದರೆ ಸ್ವಿಚ್ ಏನು ಹೇಳಿದರೂ ಮೋಟಾರು ಓಡುತ್ತಲೇ ಇರುತ್ತದೆ. "ಸುಮ್ನೆ ಸುಮ್ನೆ ಟ್ರಿಪ್ ಆಗ್ತಿತ್ರಿ" ಅಂದ ಆಪರೇಟರ್.

ಅವನನ್ನು ನಾನು ಬೈಯಲಿಲ್ಲ. ಟ್ರಿಪ್ ಆಗುತ್ತಿದ್ದದ್ದು ನಿಜ. ಆ ಎಲಿವೇಟರಿನಲ್ಲಿ ಬೆಲ್ಟ್ ಸಡಿಲವಾದಾಗ ಬೂಟಿನ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಾರೆ. ಆಗ ಕೆಳಗಿನ ಶಾಫ್ಟ್ ಕೆಳಕ್ಕೆ ಇಳಿಯುತ್ತದೆ. ಸೆನ್ಸರ್ ಕೂರಿಸಿದ್ದು ಮಾತ್ರ ಹೊರಗಿನ ತಗಡಿಗೆ. ಶಾಫ್ಟ್ ದೂರ ಸರಿದ ಮೇಲೆ ಪಾಪ ಅದಕ್ಕೆ ಏನು ಕಾಣಬೇಕು? ಸೆನ್ಸರಿನ ಬ್ರಾಕೆಟ್ ಬೇರಿಂಗಿನ ಜೊತೆಗೇ ಸರಿಯುವಂತೆ ಕೂರಿಸಬೇಕು. ನಾನು ಮಾಡಿದ್ದು ಇಷ್ಟೇ. ಆಮೇಲೆ ಆ ತೊಂದರೆ ಬರಲಿಲ್ಲ.

ಇನ್ನು ಕೆಲವರು ಬೂಟ್ ಇರುವ ಗುಂಡಿಗೆ ಇಳಿಯುವ ಬೇಸರಕ್ಕೆ ಸೆನ್ಸರನ್ನು ಮೇಲೆ ಗೇರ್‌ಬಾಕ್ಸ್ ಹತ್ತಿರ ಕೂರಿಸುತ್ತಾರೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಲ್ಟ್ ಹರಿದು ಕೆಳಗೆ ಬಿದ್ದರೂ ಮೇಲಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಅಲ್ವಾ? ಬೆಲ್ಟಿನಿಂದ ತಿರುಗುವ ಕೆಳಗಿನ ಶಾಫ್ಟನ್ನೇ ನೋಡಬೇಕು.

ಸೆಟ್ಟಿಂಗ್ ಏನೂ ಬ್ರಹ್ಮವಿದ್ಯೆ ಅಲ್ಲ. ಕೆಳಗಿನ ಶಾಫ್ಟ್ ನಿಮಿಷಕ್ಕೆ 95 ಸುತ್ತು ಅಂತಿಟ್ಟುಕೊಳ್ಳಿ. ಅದಕ್ಕೆ ಎರಡು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿದರೆ 190 ಪಲ್ಸ್, ಅಂದರೆ ಪಟ್ಟಿ ಸೆನ್ಸರಿನ ಮುಂದೆ ಹಾದಾಗಲೆಲ್ಲ ಒಂದು ಸಿಗ್ನಲ್. ಶೇ 80ಕ್ಕೆ, ಅಂದರೆ 152ಕ್ಕೆ ಟ್ರಿಪ್ ಇಡಿ. ಧಾನ್ಯದ ಎಲಿವೇಟರ್ ವೇಗ ಶೇ 20ರಷ್ಟು ಕುಸಿಯುವುದರೊಳಗೆ ನಿಲ್ಲಬೇಕು ಅಂತ ಅಮೆರಿಕದ ಸುರಕ್ಷತಾ ನಿಯಮವೂ ಹೇಳುತ್ತದೆ. 8 ಮಿ.ಮೀ. ದೂರದವರೆಗೆ ಗುರುತಿಸುವ ಸೆನ್ಸರ್ ಆದರೆ ಪಟ್ಟಿಗೂ ಅದಕ್ಕೂ 4-5 ಮಿ.ಮೀ. ಅಂತರ ಸಾಕು. ಶುರುವಿನ ಡಿಲೇ, ಅಂದರೆ ಚಾಲೂ ಮಾಡಿದ ಮೇಲೆ ಸ್ವಿಚ್ ಟ್ರಿಪ್ ಮಾಡದೆ ಕಾಯುವ ಸಮಯ, ವಾಚ್ ಹಿಡಿದು ಇಡಿ. ಮೋಟಾರು ವೇಗ ಹಿಡಿಯಲು ಆರು ಸೆಕೆಂಡ್ ಬೇಕಾದರೆ ಹತ್ತು ಇಡಿ. ಒಂದು ನಿಮಿಷ ಇಟ್ಟವರನ್ನೂ ನೋಡಿದ್ದೇನೆ. ಬೆಲ್ಟ್ ಸುಡಲು ಅಷ್ಟು ಟೈಮ್ ಜಾಸ್ತಿಯೇ ಆಯಿತು.

ಮೋಟಾರು ನಿಲ್ಲಿಸುವ ರಿಲೇ, ಎಲ್ಲ ಸರಿಯಿದ್ದಾಗ ಕರೆಂಟಿನಿಂದ ಎಳೆದುಕೊಂಡಿರುವಂತೆ, ಕರೆಂಟ್ ತಪ್ಪಿದರೆ ಬಿಟ್ಟುಕೊಳ್ಳುವಂತೆ ವೈರಿಂಗ್ ಮಾಡಿ. ಗಿರಣಿಯಲ್ಲಿ ಇಲಿಗಳಿಗೇನು ಬರ? ಇಲಿ ವೈರ್ ಕಡಿದರೆ ಎಲಿವೇಟರ್ ನಿಲ್ಲಬೇಕೇ ಹೊರತು ಕಾವಲು ತಪ್ಪಿಸಿಕೊಂಡು ಓಡಬಾರದು. ಎಲಿವೇಟರ್ ನಿಂತ ಕೂಡಲೇ ಅದಕ್ಕೆ ಭತ್ತ ಸುರಿಯುವ ಕನ್ವೇಯರೂ ನಿಲ್ಲುವಂತೆ ಇಂಟರ್‌ಲಾಕ್ ಇರಲಿ. ಈ ಕೆಲಸವೆಲ್ಲ ಮೇನ್ ಆಫ್ ಮಾಡಿ, ಬೀಗ ಹಾಕಿಕೊಂಡೇ ಮಾಡಿ. ತಿರುಗುವ ಪಟ್ಟಿ ಲುಂಗಿ ಎಳೆದುಕೊಂಡರೆ ಬಿಡುವುದಿಲ್ಲ. ಅದರ ಮೇಲೆ ಗಾರ್ಡ್ ಬೇಕೇ ಬೇಕು.

ಸ್ಫೋಟಗೊಳ್ಳುವ ದೂಳಿನ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯಲ್ಲೇ 37ನೇ ಕಲಂ ಇತ್ತು. ತಪಾಸಣೆಗೆ ಬರುವ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಸ್ವಿಚ್ ಇದೆಯಾ ಅಂತ ಕೇಳಿ ಟಿಕ್ ಹಾಕಬೇಡಿ. ಖಾಲಿ ಎಲಿವೇಟರ್ ಓಡಿಸಿ, ಗಾರ್ಡಿನ ಹೊರಗಿನಿಂದಲೇ ಸೆನ್ಸರನ್ನು ಹಿಂದಕ್ಕೆ ಎಳೆಸಿ. ಮೋಟಾರು ನಿಲ್ಲದಿದ್ದರೆ ಪ್ಯಾನಲ್ ತೆಗೆಸಿ ನೋಡಿ.

– ಒಬ್ಬ ಹಳೆಯ ಗಿರಣಿ ಎಲೆಕ್ಟ್ರಿಷಿಯನ್, ಗಂಗಾವತಿ