ಹಾರದ ಜೊತೆ ಒಂದು ನಾಟಕವೂ ಇರಲಿ

ಮಾನ್ಯರೇ,

ಜುಲೈ 24 ಹಾಸ್ಯನಟ ನರಸಿಂಹರಾಜು ಅವರು ಹುಟ್ಟಿದ ದಿನ. 1923ರಲ್ಲಿ ನಮ್ಮ ತಿಪಟೂರಿನಲ್ಲೇ ಹುಟ್ಟಿದವರು. ಮೊನ್ನೆ ಮೊಮ್ಮಗನ ಜೊತೆ ಕೂತು ‘ಸತ್ಯ ಹರಿಶ್ಚಂದ್ರ’ ನೋಡುತ್ತಿದ್ದೆ. ‘ತಾತ, ಈ ಹಲ್ಲುಬ್ಬಿನವರು ಯಾರು?’ ಅಂದ. ನಮ್ಮೂರಿನವರು ಕಣೋ ಅಂದರೆ ನಂಬಲೇ ಇಲ್ಲ. ಮನಸ್ಸಿಗೆ ನೋವಾಯಿತು.

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನು. ಬಾಕಿ ಕೇಳಲು ಯಾರಾದರೂ ಬೆನ್ನು ಹತ್ತಿದರೆ ‘ಬಂದ ನೋಡಪ್ಪ ನಕ್ಷತ್ರಿಕ’ ಅನ್ನುತ್ತಿದ್ದೆವು. ಆಗೆಲ್ಲ ನನ್ನ ಕಣ್ಮುಂದೆ ಬರುತ್ತಿದ್ದದ್ದು 1965ರ ಆ ಚಿತ್ರದ ನರಸಿಂಹರಾಜು ಮುಖವೇ. ಚಿಕ್ಕವನಿದ್ದಾಗ ಟೆಂಟಿನಲ್ಲಿ ಅಪ್ಪನ ಪಕ್ಕ ನೆಲದ ಮೇಲೆ ಕೂತು ನೋಡಿದ್ದೆ. ವಿಶ್ವಾಮಿತ್ರನಿಗೆ ಕೊಡಬೇಕಾದ ಸಾಲಕ್ಕಾಗಿ ರಾಜ ಹರಿಶ್ಚಂದ್ರನನ್ನು ಪೀಡಿಸುವ ಪಾತ್ರ ಅದು. ರಾಜ ಹೆಂಡತಿ ಮಗನನ್ನೇ ಮಾರುವ ಸ್ಥಿತಿಗೆ ಬಂದಿದ್ದಾನೆ. ಅಲ್ಲಿ ನಗು ಜಾಸ್ತಿಯಾದರೆ ಅವನ ಸಂಕಟ ಕೆಡುತ್ತದೆ. ಕಮ್ಮಿಯಾದರೆ ಕತೆ ಭಾರವಾಗುತ್ತದೆ. ಆ ಹದ ಅವರಿಗೆ ಗೊತ್ತಿತ್ತು.

ಅದು ಸುಮ್ನೆ ಬಂದದ್ದಲ್ಲ. ನಾಲ್ಕು ವರ್ಷಕ್ಕೇ ನಾಟಕ ಕಂಪನಿ ಸೇರಿದವರು ಅವರು. ಲೋಹಿತಾಶ್ವ, ಪ್ರಹ್ಲಾದನಂಥ ಬಾಲಪಾತ್ರ ಮಾಡಿಕೊಂಡೇ ಬೆಳೆದರು. ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿಯಲ್ಲೂ ಇದ್ದರು. ಕಂಪನಿ ನಾಟಕಗಳಲ್ಲಿ ಹಿಂದೆ ದೊಡ್ಡ ಸೀನು ಕಟ್ಟುವಷ್ಟು ಹೊತ್ತು ಮುಂದೆ ಪರದೆ ಬಿಡುತ್ತಿದ್ದರು. ಆ ಪರದೆಯ ಮುಂದೆ ನಿಂತು ಜನರನ್ನು ಹಿಡಿದಿಡುವುದು ಹಾಸ್ಯಗಾರನ ಕೆಲಸ. ಕೊನೆಯ ಸಾಲಿನವರಿಗೂ ಮಾತು ಕೇಳಬೇಕು. ಎಂಥ ಪಾಠಶಾಲೆ ಅದು, ಅಲ್ವಾ? 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ನಾಯಕರಾದರು. ನರಸಿಂಹರಾಜು ಸಿನಿಮಾಕ್ಕೆ ಬಂದದ್ದೂ ಅದರಿಂದಲೇ. ಆಮೇಲೆ 1979ರಲ್ಲಿ ತೀರಿಕೊಳ್ಳುವವರೆಗೆ ಇನ್ನೂರೈವತ್ತಕ್ಕೂ ಹೆಚ್ಚು ಚಿತ್ರ. ನಾವು ನೆನೆಯುವುದು ಈ 25 ವರ್ಷವನ್ನು ಮಾತ್ರ. ಅದಕ್ಕೆ ಮೊದಲು ಅಷ್ಟೇ ಕಾಲ ಬಣ್ಣ ಹಚ್ಚಿ ಊರೂರು ಸುತ್ತಿದ್ದು ಯಾರಿಗೂ ನೆನಪಿಲ್ಲ.

ಅದಕ್ಕೇ ತಾಲ್ಲೂಕು ಆಡಳಿತಕ್ಕೂ ನಮ್ಮ ಸುತ್ತಿನ ಹವ್ಯಾಸಿ ನಾಟಕ ಮಂಡಳಿಗಳಿಗೂ ನನ್ನದೊಂದು ಬೇಡಿಕೆ. ಜುಲೈ 24ರಂದು ಫೋಟೋಗೆ ಹಾರ ಹಾಕಿ ಭಾಷಣ ಮಾಡಿ ಮುಗಿಸಬೇಡಿ. ನಕ್ಷತ್ರಿಕನ ಒಂದು ದೃಶ್ಯವನ್ನಾದರೂ ಆಡಿಸಿ. ಶಾಲೆಯ ಮಕ್ಕಳಿಗೇ ಪಾತ್ರ ಕೊಡಿ. ಜಾತ್ರೆಗೆ ರಾತ್ರಿಯಿಡೀ ಕುರುಕ್ಷೇತ್ರ ಆಡುವ ಹಳ್ಳಿಗಳು ನಮ್ಮವು. ಕಲಿಸುವ ಮೇಷ್ಟ್ರುಗಳಿಗೆ ಬರವಿಲ್ಲ. ಅಪ್ಪನ ಹಾರ್ಮೋನಿಯಂ ಇನ್ನೂ ನಮ್ಮ ಮನೆಯಲ್ಲಿದೆ. ತಿದಿ ಸರಿಮಾಡಿಸಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಬಹುದು.

– ನಿವೃತ್ತ ಮಂಡಿ ಗುಮಾಸ್ತ, ತಿಪಟೂರು